ಪ್ರಲಾಪವನ್ನು ಕೇಳುವ ಕಿವಿ: 'ದ ಸನ್‌ಸೆಟ್ ಟ್ರೀ' ಹಾಡುಗಳೂ ಅವುಗಳ ಕೇಳುಗರೂ

ಇಂಗ್ಲಿಷ್ ಲೇಖಕ ಸ್ಯಾಮ್ಯುಯೆಲ್ ಬಟ್ಲರನು 1902ರಲ್ಲಿ ತೀರಿಕೊಂಡನು. ಮರುವರ್ಷ ಪ್ರಕಟವಾದ ಅವನ 'ದ ವೇ ಆಫ್ ಆಲ್ ಫ್ಲೆಶ್' ಕಾದಂಬರಿಯಲ್ಲಿ ಸಭಾಪಾಲಕರಾದವರು ಮರೆಯಬಾರದ ಒಂದು ಭಾನುವಾರದ ಸಂಜೆ ಬರುತ್ತದೆ. ಥಿಯೊಬಾಲ್ಡ್ ಪಾಂಟಿಫೆಕ್ಸ್ ಎಂಬ ಪಾದ್ರಿಯ ಮನೆ. ಕರ್ತನ ದಿನದಲ್ಲಿ ಆಟ ನಿಷಿದ್ಧವಾದ್ದರಿಂದ ಮಕ್ಕಳಿಗೆ ಇರುವ ಏಕೈಕ ಸಡಿಲಿಕೆಯೆಂದರೆ ಸಂಜೆ ತಮಗೆ ಇಷ್ಟವಾದ ಗೀತವನ್ನು ಆರಿಸಿ ಹಾಡುವುದು. ಎಳೆಯ ಅರ್ನೆಸ್ಟನು ಸೂರ್ಯಾಸ್ತದ ಮರದ ಬಳಿಗೆ ಜನರನ್ನು ಕರೆಯುವ ಒಂದು ಗೀತವನ್ನು ಆರಿಸುತ್ತಾನೆ. ಅವನ ನಾಲಿಗೆಗೆ 'ಕ'ಕಾರ ಇನ್ನೂ ಒಗ್ಗಿಲ್ಲ. 'ಕಮ್' ಎನ್ನಬೇಕಾದಲ್ಲಿ 'ಟಮ್' ಎನ್ನುತ್ತಾನೆ. ತಂದೆ ಇದನ್ನು ಹಟವೆಂದು ತೀರ್ಮಾನಿಸಿ, ಎಚ್ಚರಿಸಿ, ಕೊನೆಗೆ ಮಗುವನ್ನು ಬೇರೆ ಕೋಣೆಗೆ ಒಯ್ದು ಹೊಡೆಯುತ್ತಾನೆ. ಬಳಿಕ ಹಿಂದಿರುಗಿ, ಹೊಡೆದ ಕೈಯ ಕೆಂಪು ಇನ್ನೂ ಆರದಿರುವಾಗಲೇ, ಕುಟುಂಬ ಪ್ರಾರ್ಥನೆಗೆ ಆಳುಗಳನ್ನು ಕರೆಯಲು ಗಂಟೆ ಬಾರಿಸುತ್ತಾನೆ.

ಈ ದೃಶ್ಯದಲ್ಲಿ ನಮ್ಮ ಗಮನ ಸಹಜವಾಗಿ ಹೊಡೆಯುವ ತಂದೆಯ ಮೇಲೂ ಅಳುವ ಮಗುವಿನ ಮೇಲೂ ನಿಲ್ಲುತ್ತದೆ. ಆದರೆ ಅಲ್ಲಿ ಇನ್ನೂ ಕೆಲವರಿದ್ದಾರೆ. ಕಥೆಯನ್ನು ಹೇಳುತ್ತಿರುವ ಓವರ್ಟನ್ ಅತಿಥಿಯಾಗಿ ಅದೇ ಮನೆಯ ಹಜಾರದಲ್ಲಿ ಕುಳಿತಿದ್ದಾನೆ. ಮಗುವಿನ ತಾಯಿಯೂ ಇದ್ದಾಳೆ. ಆ ಬೇರೆ ಕೋಣೆಯಿಂದ ಬರುವ ಚೀರಾಟ ಅವರೆಲ್ಲರಿಗೂ ಕೇಳಿಸುತ್ತದೆ. ಯಾರೂ ಏಳುವುದಿಲ್ಲ. ಪ್ರಾರ್ಥನೆ ಆರಂಭವಾಗುತ್ತದೆ.

ಈ ಸಂಜೆಯ ಗೀತದಿಂದಲೇ ತನ್ನ ಹೆಸರನ್ನು ಪಡೆದ ಒಂದು ಹಾಡುಸಂಕಲನ 2005ರಲ್ಲಿ ಹೊರಬಂದಿತು. ಅಮೆರಿಕದ 'ದ ಮೌಂಟನ್ ಗೋಟ್ಸ್' ತಂಡದ 'ದ ಸನ್‌ಸೆಟ್ ಟ್ರೀ' ಎಂಬ ಈ ಆಲ್ಬಮ್ ಅನ್ನು ದೈವಜ್ಞಾನದ ಪತ್ರಿಕೆಯೊಂದರಲ್ಲಿ ವಿಮರ್ಶೆಗೆ ಎತ್ತಿಕೊಳ್ಳುವುದು ಓದುಗರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಹಜಾರದಲ್ಲಿ ಕುಳಿತು ಕೇಳಿಯೂ ಏಳದಿದ್ದವರ ಸಾಲಿನಲ್ಲಿ ನಮ್ಮ ಸಭೆಗಳೂ ಇವೆಯೇ ಎಂಬ ಪ್ರಶ್ನೆಯನ್ನು ಈ ಹಾಡುಗಳು ಎತ್ತುತ್ತವೆ. ಆ ಪ್ರಶ್ನೆ ನಮ್ಮದು. ಆದ್ದರಿಂದಲೇ ಈ ಬರಹ.

ಹಾಡುಗಳು

ಮೌಂಟನ್ ಗೋಟ್ಸ್ ತಂಡದ ಕೇಂದ್ರ ಜಾನ್ ಡಾರ್ನೀಲ್ ಎಂಬ ಹಾಡುಗಾರ. ಕ್ಯಾಲಿಫೋರ್ನಿಯಾದಲ್ಲಿ ಬೆಳೆದವರು; ಮನೋರೋಗಿಗಳ ಆಸ್ಪತ್ರೆಯಲ್ಲಿ ಶುಶ್ರೂಷಕರಾಗಿ ದುಡಿದವರು. 1990ರ ದಶಕದಲ್ಲಿ ಒಂದು ಗಿಟಾರನ್ನು ಹಿಡಿದು, ಮನೆಯ ಟೇಪ್‌ರೆಕಾರ್ಡರಿನ ಮುಂದೆ ಹಾಡಿ, ಯಂತ್ರದ ಗರಗರ ಸದ್ದೂ ಸೇರಿದಂತೆ ಅದನ್ನೇ ಕ್ಯಾಸೆಟ್ಟುಗಳಾಗಿ ಹೊರತಂದವರು. ದೊಡ್ಡ ಕಂಪನಿಗಳ ಹಂಗಿಲ್ಲದೆ, ಜನಪದ ಲಾವಣಿಕಾರರಂತೆ ವಾದ್ಯಕ್ಕಿಂತ ಕಥೆಯನ್ನೇ ನೆಚ್ಚುವ ಈ ಬಗೆಯ ಸಂಗೀತವನ್ನು 'ಇಂಡೀ ಫೋಕ್' ಎನ್ನುತ್ತಾರೆ. ಮೊದಮೊದಲು ಡಾರ್ನೀಲರ ಹಾಡುಗಳು ಹೆಚ್ಚಾಗಿ ಕಲ್ಪಿತ ವ್ಯಕ್ತಿಗಳ ಕಥೆಗಳಾಗಿದ್ದವು. 2002ರ 'ಟ್ಯಾಲಹಸ್ಸಿ' ಎಂಬ ಆಲ್ಬಮ್ ಕುಡಿತದಲ್ಲಿ ಮುಳುಗಿ ಒಬ್ಬರನ್ನೊಬ್ಬರು ನಾಶಮಾಡಿಕೊಳ್ಳುವ ದಂಪತಿಗಳ ಕಥೆಯನ್ನು ಆದ್ಯಂತವಾಗಿ ಹೇಳುತ್ತದೆ. ಆದರೆ ತನ್ನ ಬಾಲ್ಯದ ಮನೆಯನ್ನು, ತನ್ನನ್ನೂ ತಾಯಿಯನ್ನೂ ಹೊಡೆಯುತ್ತಿದ್ದ ಮಲತಂದೆಯನ್ನು, ಅವರು ಒಂದು ಇಡೀ ಆಲ್ಬಮ್ಮಿನ ವಸ್ತುವಾಗಿಸಿದ್ದು ಆ ಮಲತಂದೆ ತೀರಿಕೊಂಡ ಮೇಲೆಯೇ. ಹದಿಮೂರು ಹಾಡುಗಳ ಆ ಆಲ್ಬಮ್ಮೇ 'ದ ಸನ್‌ಸೆಟ್ ಟ್ರೀ'. ಗಿಟಾರಿನ ಜೊತೆಗೆ ಇಲ್ಲಿ ಪಿಯಾನೊ ಇದೆ, ಎರಿಕ್ ಫ್ರೀಡ್‌ಲ್ಯಾಂಡರ್ ಅವರ ಚೆಲ್ಲೊ ಇದೆ. ಆದರೂ ಮುಂದೆ ನಿಲ್ಲುವುದು ಮಾತು, ಸ್ವಲ್ಪ ಮೂಗಿನಿಂದ ಬರುವ ಒಂದು ಕರ್ಕಶ ಕಂಠ.

ಹಾಡುಗಳ ಕ್ರಮ ದಿನಚರಿಯಂತೆ ನೇರವಾಗಿಲ್ಲ. ನೆನಪು ಹೇಗೆ ಬರುತ್ತದೆಯೋ ಹಾಗೆ ಅವು ಬರುತ್ತವೆ. 'ಡ್ಯಾನ್ಸ್ ಮ್ಯೂಸಿಕ್' ಎಂಬ ಹಾಡಿನಲ್ಲಿ ಐದಾರು ವರ್ಷದ ಮಗು ಟೆಲಿವಿಷನ್ನಿನಲ್ಲಿ ವಾಟರ್‌ಗೇಟ್ ವಿಚಾರಣೆಯನ್ನು ನೋಡುತ್ತಿರುವಾಗಲೇ ಮಲತಂದೆ ತಾಯಿಯ ತಲೆಗೆ ಗಾಜಿನ ಲೋಟವನ್ನು ಎಸೆಯುತ್ತಾನೆ. ಮಗು ಮಹಡಿಗೆ ಓಡಿ, ತನ್ನ ಪುಟ್ಟ ರೆಕಾರ್ಡ್ ಪ್ಲೇಯರಿಗೆ ಕಿವಿಗೊಟ್ಟು ಕೂರುತ್ತದೆ. ಇಷ್ಟನ್ನೂ ಹೇಳುವ ರಾಗ ಕುಣಿತದ ರಾಗ. ಮೊದಲ ಸಲ ಕೇಳುವವನು ಕಾಲಿನಲ್ಲಿ ತಾಳ ಹಾಕುತ್ತಲೇ ಮಾತಿನ ಅರ್ಥಕ್ಕೆ ಬಂದು ತಲುಪಿ, ತಾಳವನ್ನು ನಿಲ್ಲಿಸುತ್ತಾನೆ. ಮಗುವಿಗೆ ಸಂಗೀತವೇ ಅಡಗುತಾಣವಾಗಿತ್ತೆಂಬುದನ್ನು ಹಾಡು ವಿವರಿಸುವುದಿಲ್ಲ; ಆ ಅಡಗುತಾಣದೊಳಗೆ ನಮ್ಮನ್ನೂ ಕೂರಿಸಿಬಿಡುತ್ತದೆ.

'ಹ್ಯಾಸ್ಟ್ ದೌ ಕನ್ಸಿಡರ್ಡ್ ದ ಟೆಟ್ರಪಾಡ್' ಎಂಬ ಹಾಡಿನ ಶೀರ್ಷಿಕೆಯು ಯೋಬನ ಗ್ರಂಥದ ಮೊದಲ ಅಧ್ಯಾಯದಲ್ಲಿ ಯೆಹೋವನು ಸೈತಾನನಿಗೆ ಹಾಕುವ ಪ್ರಶ್ನೆಯ ಧಾಟಿಯನ್ನು, ಹಳೆಯ ಇಂಗ್ಲಿಷ್ ಸತ್ಯವೇದದ ಭಾಷೆಯಲ್ಲಿ, ನೆನಪಿಗೆ ತರುತ್ತದೆ (ಯೋಬ 1:8). ಆದರೆ ಯೋಬನ ಸ್ಥಾನದಲ್ಲಿ ಇಲ್ಲಿರುವುದು ನಾಲ್ಕು ಕಾಲಿನ ಒಂದು ಜೀವಿ. ಮನೆಯೊಳಗೆ ಸದ್ದಿಲ್ಲದೆ ಬರುವ ಹುಡುಗ, ಮಲಗಿರುವ ಮಲತಂದೆ, ಎಚ್ಚರ, ಹೊಡೆತ. ಪೆಟ್ಟು ಬೀಳುವಾಗ ಹುಡುಗನ ಚಿಂತೆ ತನ್ನ ಹಾಡುಯಂತ್ರಕ್ಕೆ ಏನಾದೀತೆಂಬುದೇ. ಕಡೆಗೆ, ಯುಗಯುಗಗಳ ಹಿಂದೆ ನೀರಿನಿಂದ ನೆಲಕ್ಕೆ ತೆವಳಿದ ಜೀವಿಯಂತೆ ತಾನೂ ಒಂದು ದಿನ ಒಣನೆಲವನ್ನು ತಲುಪುವೆನೆಂಬ ನಿರೀಕ್ಷೆ. ವಿಮೋಚನಕಾಂಡದ ಹದಿನಾಲ್ಕನೆಯ ಅಧ್ಯಾಯವನ್ನು ಬಲ್ಲವರಿಗೆ, ದೀಕ್ಷಾಸ್ನಾನದ ಪ್ರಾರ್ಥನೆಗಳನ್ನು ಓದುವವರಿಗೆ, ನೀರಿನಿಂದ ಒಣನೆಲಕ್ಕೆ ಎಂಬ ಚಿತ್ರ ಹೊಸದಲ್ಲ. ಇಲ್ಲಿ ಅದನ್ನು ಹೇಳುವವನಿಗೆ ಮೋಶೆ ಇಲ್ಲ, ಎತ್ತಿದ ಕೋಲಿಲ್ಲ.

'ಲಯನ್ಸ್ ಟೀತ್' ಹಾಡಿನಲ್ಲಿ ಹುಡುಗನು ನಿದ್ರಿಸುತ್ತಿರುವ ಸಿಂಹದ ಹಲ್ಲಿಗೆ ಕೈಹಾಕಿ ಬಿಡದೆ ಹಿಡಿಯುತ್ತಾನೆ. ಸೇಡಿನ ಈ ಕನಸಿಗೆ ನಾವು ಹುಬ್ಬುಗಂಟಿಕ್ಕುವ ಮೊದಲು, ದುಷ್ಟರ ಬಾಯೊಳಗಿನ ಹಲ್ಲುಗಳನ್ನೂ ಸಿಂಹಗಳ ಕೋರೆಗಳನ್ನೂ ಮುರಿಯಬೇಕೆಂದು ದೇವರನ್ನೇ ಬೇಡುವ ಪ್ರಾರ್ಥನೆ ನಮ್ಮ ಕೈಯಲ್ಲಿರುವ ಗ್ರಂಥದಲ್ಲೇ ಇದೆಯೆಂಬುದನ್ನು ನೆನೆಯಬೇಕು (ಕೀರ್ತ. 58:6). ಕೀರ್ತನಕಾರನು ಹಲ್ಲನ್ನು ತಾನೇ ಕೀಳುವುದಿಲ್ಲ, ದೇವರ ಕೈಗೆ ಒಪ್ಪಿಸುತ್ತಾನೆ. ಆ ವ್ಯತ್ಯಾಸ ಸಣ್ಣದಲ್ಲ. ಆದರೆ ಆ ಕೀರ್ತನೆಯನ್ನು ಆರಾಧನೆಯಲ್ಲಿ ನಾವು ಕೊನೆಯ ಸಲ ಓದಿದ್ದು ಯಾವಾಗ? ಒಪ್ಪಿಸಬೇಕಾದ ಸ್ಥಳವನ್ನೇ ಮುಚ್ಚಿದ ಮೇಲೆ, ಹುಡುಗನು ಒಪ್ಪಿಸಲಿಲ್ಲವೆಂದು ದೂರುವ ಹಕ್ಕು ನಮಗೆ ಉಳಿಯುವುದಿಲ್ಲ.

ಕೊನೆಯಿಂದ ಎರಡನೆಯ ಹಾಡು 'ಲವ್ ಲವ್ ಲವ್'. ತನ್ನ ಕತ್ತಿಯ ಮೇಲೆ ಬಿದ್ದು ಸಾಯುವ ಸೌಲ (1 ಸಮು. 31), ತಮ್ಮನನ್ನು ಮಾರುವ ಯೋಸೇಫನ ಅಣ್ಣಂದಿರು (ಆದಿ. 37), ದಾಸ್ತೊಯೆವ್‌ಸ್ಕಿಯ ರಾಸ್ಕೋಲ್ನಿಕೋವ್ ಇವರೆಲ್ಲ ಇಲ್ಲಿ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಅವರು ಮಾಡಿದ ಕೇಡಿನ ಬೇರಿನಲ್ಲಿ ಪ್ರೀತಿಯೇ ಇತ್ತೆಂಬುದು ಹಾಡಿನ ವಾದ. ನಾವು ಇದನ್ನು ಪೂರ್ತಿಯಾಗಿ ಒಪ್ಪಲಾರೆವು. ಅಸೂಯೆಗೆ ಪ್ರೀತಿಯೆಂಬ ಹೆಸರಿಟ್ಟರೆ ಅಪೊಸ್ತಲನಾದ ಪೌಲನು ಕೊರಿಂಥದವರಿಗೆ ಬರೆದುದಕ್ಕೆ ಬೆಲೆಯಿರುವುದಿಲ್ಲ. ಆದರೆ ಹಾಡು ಅದೇ ಪೌಲನ ಕಡೆಗೆ ತಿರುಗುತ್ತದೆ. ಮಸುಕಾದ ಕನ್ನಡಿಯ ಚಿತ್ರವನ್ನು ತೆಗೆದುಕೊಂಡು (1 ಕೊರಿಂಥ 13:12), ಮುಖಾಮುಖಿಯಾಗಿ ಕಾಣುವ ಆ ದಿನ ನಾವು ಕಾಣುವುದು ಒಬ್ಬರನ್ನೊಬ್ಬರು ಎಂದು ಸೇರಿಸುತ್ತದೆ. ಹೊಡೆದವನೂ ಹೊಡೆಸಿಕೊಂಡವನೂ ಎದುರುಬದುರಾಗಿ ನಿಲ್ಲುವ ಆ ನೋಟ ನ್ಯಾಯತೀರ್ಪೋ ಕೃಪೆಯೋ ಎಂದು ಹಾಡು ಹೇಳುವುದಿಲ್ಲ. ಕಡೆಯ ದಿನದ ಕುರಿತಾದ ನಮ್ಮ ಬೋಧನೆಯಲ್ಲಿ ಅವೆರಡೂ ಬೇರೆಬೇರೆಯಾಗಿ ನಿಲ್ಲಬಲ್ಲವೇ ಎಂದು ನಾವು ಯೋಚಿಸಬೇಕಾಗಿದೆ.

ಕೊನೆಯ ಹಾಡು 'ಪೇಲ್ ಗ್ರೀನ್ ಥಿಂಗ್ಸ್'. ನಸುಕಿಗೂ ಮುಂಚೆ ತಂಗಿಯ ದೂರವಾಣಿ ಕರೆ ಬರುತ್ತದೆ: ಮಲತಂದೆ ಕೊನೆಗೂ ಸತ್ತನೆಂಬ ಸುದ್ದಿ. ಆಗ ಮಗನ ನೆನಪಿಗೆ ಬರುವುದು ಲೋಟವೂ ಅಲ್ಲ, ಪೆಟ್ಟೂ ಅಲ್ಲ. ಕುದುರೆ ಜೂಜಿನ ಮೈದಾನಕ್ಕೆ ಅವನೊಡನೆ ಹೋದ ಒಂದು ಬೆಳಗು. ಅವನ ಕೈಯಲ್ಲಿ ಗಡಿಯಾರ, ಕಂಕುಳಲ್ಲಿ ಜೂಜಿನ ಹಾಳೆ, ದೂರಕ್ಕೆ ನೆಟ್ಟ ಅವನ ಕಣ್ಣು, ಡಾಂಬರಿನ ಬಿರುಕುಗಳಲ್ಲಿ ಹುಟ್ಟಿದ ತಿಳಿಹಸುರು ಸಸಿಗಳು. ಆಲ್ಬಮ್ ಅಲ್ಲಿಗೆ ಮುಗಿಯುತ್ತದೆ. ಕ್ಷಮೆ ಎಂಬ ಮಾತು ಬರುವುದಿಲ್ಲ.

ಕೇಳುಗರು

ಆಲ್ಬಮ್ಮಿನ ಒಳಪುಟದಲ್ಲಿ ಒಂದು ಅರ್ಪಣೆ ಇದೆ. ತಮ್ಮನ್ನು ಹಿಂಸಿಸುವವರ ಜೊತೆಯಲ್ಲೇ ಬಾಳುತ್ತಿರುವ ಎಲ್ಲೆಡೆಯ ಎಳೆಯರಿಗೆ ಡಾರ್ನೀಲ್ ಈ ಹಾಡುಗಳನ್ನು ಅರ್ಪಿಸಿ, ನೀವು ಅಲ್ಲಿಂದ ಜೀವಸಹಿತ ಹೊರಬರುವಿರಿ, ನಿಮ್ಮ ಕಥೆಯನ್ನು ಹೇಳಲು ಉಳಿಯುವಿರಿ ಎಂಬ ಅರ್ಥದ ಭರವಸೆಯನ್ನು ಕೊಡುತ್ತಾರೆ. ಇಂಗ್ಲಿಷಿನಲ್ಲಿ ಅದನ್ನು ಅವರು ಶುಭವಾರ್ತೆಯೆಂದೇ ಕರೆದಿದ್ದಾರೆ. ಸುವಾರ್ತೆಯನ್ನು ಸಾರಲು ಅಭಿಷಿಕ್ತರಾದ ನಾವು ಈ ಪದಪ್ರಯೋಗದ ಮುಂದೆ ಒಂದು ಕ್ಷಣ ನಿಲ್ಲುವುದು ಒಳ್ಳೆಯದು.

ಆ ಅರ್ಪಣೆಯನ್ನು ಜನ ಸ್ವೀಕರಿಸಿದರು. ಮನೆಯಲ್ಲಿ ಹಿಂಸೆಯನ್ನು ಉಂಡವರು ಅನೇಕರು ಈ ಹಾಡುಗಳೇ ತಮ್ಮನ್ನು ಬದುಕಿಸಿದವೆಂದು ಹೇಳಿಕೊಂಡಿದ್ದಾರೆ. ಎಲ್ಲಕ್ಕಿಂತ ಹೆಚ್ಚಾಗಿ ಅವರು ಹಿಡಿದುಕೊಂಡದ್ದು 'ದಿಸ್ ಇಯರ್' ಎಂಬ ಹಾಡನ್ನು. ಹದಿನೇಳರ ಹುಡುಗನೊಬ್ಬ ಬೆಳಿಗ್ಗೆ ಕಾರು ಹತ್ತಿ ಮನೆಯಿಂದ ಪಾರಾಗಿ, ಒಂದು ದಿನದ ಸ್ವಾತಂತ್ರ್ಯವನ್ನು ಉಂಡು, ಮತ್ತೆ ಮಲತಂದೆ ಕಾದಿರುವ ಮನೆಗೇ ಮರಳುತ್ತಾನೆ. ಏನೇ ಆದರೂ ಈ ವರ್ಷವನ್ನು ದಾಟಿಯೇ ತೀರುವೆನೆಂದು ಹಲ್ಲುಕಚ್ಚಿ ಹೇಳುತ್ತಾನೆ. ಕೊನೆಯಲ್ಲಿ, ಯೆಹೂದ್ಯರು ಪಸ್ಕದ ರಾತ್ರಿ ಬರುವ ವರ್ಷ ಯೆರೂಸಲೇಮಿನಲ್ಲಿ ಸೇರೋಣವೆಂದು ಹಾರೈಸುವಂತೆ, ಅವನೂ ಯೆರೂಸಲೇಮಿನ ಹಬ್ಬವನ್ನು ನೆನೆಯುತ್ತಾನೆ. ತಂಡ ಈ ಹಾಡನ್ನು ವೇದಿಕೆಯಲ್ಲಿ ಎತ್ತಿಕೊಂಡಾಗ ಪಲ್ಲವಿಯನ್ನು ಸಭಾಂಗಣವೇ ಹಾಡುತ್ತದೆ. ಹೀಗೆ ಕೂಡಿಬರುವ ಕೇಳುಗರು ಹಾಡುಗಳನ್ನು ಓದುವ ಬಗೆಯೂ ವಿಶೇಷವಾದದ್ದು. 2017ರಲ್ಲಿ ಜೋಸೆಫ್ ಫಿಂಕ್ ಎಂಬ ಲೇಖಕ ತಾನೂ ಒಬ್ಬ ಕೇಳುಗನಾಗಿ ಡಾರ್ನೀಲರ ಎದುರಿಗೆ ಕುಳಿತು, ಮತ್ತೊಂದು ಆಲ್ಬಮ್ಮಿನ ಹಾಡುಗಳನ್ನು ಒಂದೊಂದಾಗಿ ಚರ್ಚಿಸುವ ಪಾಡ್‌ಕಾಸ್ಟ್ ಸರಣಿಯನ್ನೇ ಆರಂಭಿಸಿದರು. ವಾಕ್ಯಾಧ್ಯಯನಕ್ಕೆ ಸೇರುವ ಕೂಟದ ಶ್ರದ್ಧೆಯಿಂದ ಇದು ಬಹಳ ದೂರದ್ದಲ್ಲ.

ಇಲ್ಲಿ ಒಂದು ತೊಡಕು ಏಳುತ್ತದೆ. ಆ ಸಭಾಂಗಣದಲ್ಲಿ ಹಾಡುವವರೆಲ್ಲರೂ ಪೆಟ್ಟುತಿಂದ ಮಕ್ಕಳಲ್ಲ. ಸುಖವಾದ ಮನೆಯಲ್ಲಿ ಬೆಳೆದವನು ಇನ್ನೊಬ್ಬನ ಗಾಯವನ್ನು 'ನಾನು' ಎಂದು ಹಾಡುವುದು ನ್ಯಾಯವೇ? ಅದು ಎರವಲು ನೋವಿನ ರುಚಿಯಲ್ಲವೇ?

ಈ ಪ್ರಶ್ನೆಯನ್ನು ಸಭೆಯು ಬಹು ಹಿಂದೆಯೇ ಎದುರಿಸಿದೆ. ನಾಲ್ಕನೆಯ ಶತಮಾನದಲ್ಲಿ ಅಲೆಕ್ಸಾಂದ್ರಿಯದ ಅಥನಾಸಿಯನು ಮಾರ್ಸೆಲ್ಲಿನಸನಿಗೆ ಬರೆದ ಪತ್ರದಲ್ಲಿ ಕೀರ್ತನೆಗಳ ವಿಶೇಷವನ್ನು ವಿವರಿಸುತ್ತಾನೆ. ಸತ್ಯವೇದದ ಇತರ ಗ್ರಂಥಗಳಲ್ಲಿ ನಾವು ಪಿತೃಗಳ, ಪ್ರವಾದಿಗಳ ಮಾತನ್ನು ಅವರ ಮಾತೆಂದೇ ಓದುತ್ತೇವೆ. ಕೀರ್ತನೆಗಳನ್ನಾದರೋ ನಮ್ಮದೇ ಮಾತಿನಂತೆ ನುಡಿಯುತ್ತೇವೆ, ಅವು ಹಾಡುವವನ ಆತ್ಮಕ್ಕೆ ಕನ್ನಡಿಯಾಗುತ್ತವೆ ಎಂಬುದು ಅವನ ವಿಚಾರದ ಸಾರ. ಕೀರ್ತನೆ 88 ಕತ್ತಲೆಯಲ್ಲೇ ಮುಗಿಯುತ್ತದೆ. ಈ ಭಾನುವಾರ ನನ್ನ ಮನೆಯಲ್ಲಿ ಕತ್ತಲೆಯಿಲ್ಲದಿರಬಹುದು. ಆದರೂ ಸಭೆ ನನ್ನ ಬಾಯಿಗೆ ಆ ಮಾತನ್ನು ಕೊಡುತ್ತದೆ. ಏಕೆಂದರೆ ನನ್ನ ಪಕ್ಕದ ಬೆಂಚಿನಲ್ಲಿ ಕುಳಿತವಳಿಗೆ ಅದನ್ನು ಒಬ್ಬಳೇ ಹೇಳುವ ಶಕ್ತಿ ಇರಲಿಕ್ಕಿಲ್ಲ. ನಾವು ಅವಳ 'ನಾನು' ಎಂಬುದನ್ನು ಅವಳೊಡನೆ ಹೊರುತ್ತೇವೆ. ಅಳುವವರ ಸಂಗಡ ಅಳಬೇಕೆಂಬ ಅಪೊಸ್ತಲನ ಬುದ್ಧಿವಾದಕ್ಕೆ (ರೋಮ. 12:15) ಆರಾಧನೆಯಲ್ಲಿ ದೊರೆಯುವ ರೂಪವೇ ಇದು.

ಹೀಗೆ ನೋಡಿದರೆ, ಟಿಕೆಟ್ ಕೊಂಡು ಬಂದ ಆ ಜನಸಂದಣಿ ಸಭೆಯಲ್ಲದಿದ್ದರೂ, ಸಭೆ ಮಾಡಬೇಕಾದ ಒಂದು ಕೆಲಸವನ್ನು ಮಾಡುತ್ತಿದೆ. ಒಬ್ಬನ ಗೋಳನ್ನು ಹಲವರು ತಮ್ಮ ಬಾಯಲ್ಲಿ ತೆಗೆದುಕೊಂಡು, ಅವನ ವಾಕ್ಯವನ್ನು ತಿದ್ದದೆ, ಅವನಿಗೆ ಬುದ್ಧಿ ಹೇಳದೆ, ಅವನೊಡನೆ ಅದರ ಕೊನೆಯವರೆಗೆ ಹೋಗುವುದು. ಹಜಾರದಲ್ಲಿ ಕುಳಿತಿದ್ದ ಓವರ್ಟನ್ ಮಾಡಲಾರದೆ ಹೋದ ಕೆಲಸದ ಮೊದಲ ಹೆಜ್ಜೆ ಇದು.

ಕೊರತೆಗಳು

ಈ ಆಲ್ಬಮ್ಮನ್ನು ನಾವು ದೋಷರಹಿತವೆಂದು ಹೊಗಳುತ್ತಿಲ್ಲ. ಅದರ ದೊಡ್ಡ ಕೊರತೆಯೆಂದರೆ ತಾಯಿಯ ಮೌನ. ಲೋಟವನ್ನು ಎಸೆದದ್ದು ಅವಳ ತಲೆಯ ಕಡೆಗೆ. ಆದರೆ ಅವಳಿಗೆ ಒಂದು ಹಾಡೂ ಇಲ್ಲ. 'ಅಪ್ ದ ವುಲ್ವ್ಸ್' ಹಾಡಿನಲ್ಲಿ ರೋಮನ್ನು ಕಟ್ಟಿದ ಅವಳಿ ಮಕ್ಕಳ ಪುರಾಣದ ನೆರಳಿನಲ್ಲಿ ತಾಯಿ ಬಂದರೂ, ಬರುವುದು ಇಲ್ಲದವಳಾಗಿ. ಸುದ್ದಿ ಹೇಳುವ ತಂಗಿಯೂ ಸುದ್ದಿ ಹೇಳಿ ಮರೆಯಾಗುತ್ತಾಳೆ. ಮಗುವಿನ ಕಣ್ಣಿಗೆ ಕಂಡಷ್ಟೇ ಹಾಡಿದ್ದೇನೆಂದು ಹಾಡುಗಾರ ಹೇಳಬಹುದು. ಆದರೂ ಹೊಡೆತ ತಿಂದ ಹೆಂಗಸು ತನ್ನ ಮಗನ ಕಥೆಯಲ್ಲೂ ಬರೀ ಸಾಕ್ಷ್ಯವಸ್ತುವಾಗಿ ಉಳಿಯುವುದನ್ನು ನಾವು ಗುರುತಿಸದೆ ಇರಲಾರೆವು. ಅಮ್ನೋನನ ಮನೆಯಿಂದ ಹೊರಗೆ ದೂಡಲ್ಪಟ್ಟ ತಾಮಾರಳನ್ನು ಸುಮ್ಮನಿರಿಸಿ (2 ಸಮು. 13), ಮುಂದಿನ ಕಥೆಯನ್ನೆಲ್ಲ ಗಂಡಸರಿಗೆ ಬಿಟ್ಟುಕೊಟ್ಟ ವೃತ್ತಾಂತವನ್ನು ಓದುವವರು ಈ ಮೌನವನ್ನು ಬಲ್ಲರು.

ಎರಡನೆಯದು ಕೇಳುಗರ ಕೊರತೆ. 'ದಿಸ್ ಇಯರ್' ಹಾಡನ್ನು ಅದರ ಆಲ್ಬಮ್ಮಿನಿಂದ ಕಿತ್ತು, ಕಷ್ಟದ ವರ್ಷಗಳ ಕೊನೆಯಲ್ಲಿ ಎಲ್ಲರೂ ಎಲ್ಲದಕ್ಕೂ ಹಾಡುವುದುಂಟು. ಆಗ ಆ ಪಲ್ಲವಿ ಒಂದು ಘೋಷಣೆಯಾಗುತ್ತದೆ. ಹುಡುಗನು ಅದನ್ನು ಹೇಳಿದ ಬಳಿಕ ಯಾವ ಬಾಗಿಲಿಗೆ ಮರಳಿದನೆಂಬುದು ಮರೆತುಹೋಗುತ್ತದೆ. ಈ ತಪ್ಪನ್ನು ನಾವು ಬೆರಳೆತ್ತಿ ತೋರಿಸಲಾರೆವು. ಕೀರ್ತನೆ 137ರ ಆರಂಭವನ್ನು ಹಾಡಿ ಅಂತ್ಯವನ್ನು ಬಿಡುವ ರೂಢಿ ನಮ್ಮದೇ. ದುಃಖದ ಒಂದು ಸುಂದರ ತುಣುಕನ್ನು ಇಟ್ಟುಕೊಂಡು ಉಳಿದುದನ್ನು ಬಿಸಾಡುವುದು ಸುಲಭ.

ಮೂರನೆಯದಾಗಿ, ಈ ಹಾಡುಗಳಲ್ಲಿ ಹುಡುಗನನ್ನು ಕಾಯುವವರು ಯಾರೂ ಇಲ್ಲ. ಅವನ ನಿರೀಕ್ಷೆ ಅವನ ಹಟದಲ್ಲೇ ಇದೆ. ತಂದೆತಾಯಿಗಳು ತೊರೆದುಬಿಟ್ಟರೂ ಯೆಹೋವನು ಸೇರಿಸಿಕೊಳ್ಳುವನೆಂಬ ಕೀರ್ತನಕಾರನ ಭರವಸೆ (ಕೀರ್ತ. 27:10) ಅವನಿಗೆ ದೊರೆತಿಲ್ಲ. ದೈವಜ್ಞಾನದ ದೃಷ್ಟಿಯಿಂದ ಇದು ಕೊರತೆಯೇ. ಆದರೆ ಕೊರತೆ ಹಾಡಿನದೋ, ಆ ಭರವಸೆಯನ್ನು ಅವನ ಮನೆಯ ಬಾಗಿಲಿಗೆ ಒಯ್ಯಬೇಕಾಗಿದ್ದವರದೋ?

ನಮ್ಮ ಹಜಾರ

ಇಲ್ಲಿ ನಾವು ನಮ್ಮದೇ ಒಂದು ತಪ್ಪನ್ನು ಅರಿಕೆಮಾಡಬೇಕು. ಸಭಾಸೇವೆಯ ಮೊದಲ ವರ್ಷಗಳಲ್ಲಿ ಸಂಡೇಸ್ಕೂಲಿನ ಹುಡುಗನೊಬ್ಬನು ಆರಾಧನೆಯ ಬಳಿಕ ಹಿಂದೆ ಉಳಿದು, ಅಂಗಿಯನ್ನು ಸರಿಸಿ ಬೆನ್ನನ್ನು ತೋರಿಸಿದನು. ಅವನ ತಂದೆ ಸಭೆಯಲ್ಲಿ ಗಣ್ಯರು, ಒಳ್ಳೆಯ ಕಂಠದಿಂದ ಹಾಡುವವರು. ನಾವು ಹುಡುಗನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದೆವು; ತಂದೆತಾಯಿಗಳನ್ನು ಸನ್ಮಾನಿಸಬೇಕೆಂಬ ಆಜ್ಞೆಯನ್ನು ನೆನಪಿಸಿದೆವು; ಕ್ಷಮಿಸಲು ಹೇಳಿದೆವು; ಮನೆಗೆ ಕಳುಹಿಸಿದೆವು. ಮುಂದಿನ ಭಾನುವಾರ ಅವನು ಬಂದನು, ಆದರೆ ಹಾಡಲಿಲ್ಲ. ನಾವು ಅದನ್ನು ಗಮನಿಸಿದೆವು. ಗಮನಿಸಿಯೂ ಆರಾಧನೆಯನ್ನು ಮುಂದುವರಿಸಿದೆವು.

'ಪೇಲ್ ಗ್ರೀನ್ ಥಿಂಗ್ಸ್' ಹಾಡಿನ ಅಂತ್ಯ ನಮಗೆ ಆ ಹುಡುಗನನ್ನು ನೆನಪಿಸುತ್ತದೆ. ಡಾರ್ನೀಲರಿಗೆ ಯಾರೂ ಅವಸರಪಡಿಸಲಿಲ್ಲ. ಹಿಂಸಿಸಿದವನ ಬಗ್ಗೆ ಕೋಪ, ಸೇಡಿನ ಕನಸು, ನಗೆ, ಭಯ ಎಲ್ಲವನ್ನೂ ಹನ್ನೆರಡು ಹಾಡುಗಳಲ್ಲಿ ಹೇಳಿದ ಮೇಲೆ ಹದಿಮೂರನೆಯದರಲ್ಲಿ ಒಂದು ಮೃದುವಾದ ನೆನಪು ತಾನಾಗಿ ಬಂದಿತು. ಅದು ಕ್ಷಮೆಯಲ್ಲದಿರಬಹುದು. ಆದರೆ ಸತ್ತವನನ್ನು ಹೊಡೆಯುವವನಾಗಿ ಮಾತ್ರವಲ್ಲ, ದೂರವನ್ನು ದಿಟ್ಟಿಸುತ್ತ ನಿಂತ ಒಬ್ಬ ಒಂಟಿ ಮನುಷ್ಯನಾಗಿಯೂ ಕಾಣಲು ಅವರಿಗೆ ಸಾಧ್ಯವಾಯಿತು. ಮೊದಲ ಹಾಡಿನಲ್ಲೇ ಇದನ್ನು ಅವರಿಂದ ಕೇಳಿದ್ದರೆ ಏನು ದೊರೆಯುತ್ತಿತ್ತು? ನಾವು ಆ ಹುಡುಗನಿಂದ ಪಡೆದದ್ದೇ: ಮೌನ.

ವಾಲ್ಟರ್ ಬ್ರೂಗೆಮನ್ ಎಂಬ ಹಳೆಯ ಒಡಂಬಡಿಕೆಯ ಪಂಡಿತರು 1980ರ ದಶಕದಲ್ಲೇ ಪ್ರಲಾಪವನ್ನು ಕಳೆದುಕೊಂಡ ಸಭೆ ತೆರುವ ಬೆಲೆಯ ಕುರಿತು ಬರೆದರು. ಪ್ರಲಾಪವಿಲ್ಲದಲ್ಲಿ ದೇವರ ಮುಂದೆ ನ್ಯಾಯದ ಪ್ರಶ್ನೆಯನ್ನು ಎತ್ತಲು ಯಾರಿಗೂ ಸ್ಥಳವಿರುವುದಿಲ್ಲ. ಇದ್ದುದೇ ಸರಿಯೆಂದು ಒಪ್ಪುವ ಸ್ತುತಿಯೊಂದೇ ಉಳಿಯುತ್ತದೆ ಎಂಬುದು ಅವರ ಎಚ್ಚರಿಕೆ. ನಮ್ಮ ಆರಾಧನೆಗಳಲ್ಲಿ ಹಾಡಲ್ಪಡುವ ಗೀತಗಳನ್ನು ಒಂದು ತಿಂಗಳ ಕಾಲ ಎಣಿಸಿ ನೋಡೋಣ: ಸ್ತುತಿ ಎಷ್ಟು, ದೂರು ಎಷ್ಟು? ಕೀರ್ತನೆಗಳ ಗ್ರಂಥದಲ್ಲಿ ಪ್ರಲಾಪಗಳಿಗಿಂತ ಹೆಚ್ಚಿನ ಸಂಖ್ಯೆಯ ಬೇರೊಂದು ಬಗೆ ಇಲ್ಲ. ನಮ್ಮ ಹಾಡಿನಲ್ಲಿ ಅವುಗಳಿಗೆ ಅಷ್ಟು ಸ್ಥಳ ಇದೆಯೇ?

ಆಜ್ಞೆಯ ವಿಷಯಕ್ಕೂ ಬರಬೇಕು. ತಂದೆತಾಯಿಗಳನ್ನು ಸನ್ಮಾನಿಸುವ ಆಜ್ಞೆಯನ್ನು ಎಫೆಸದವರಿಗೆ ಬರೆದ ಪತ್ರಿಕೆ ಎತ್ತಿಹೇಳಿದ ಕೂಡಲೇ ತಂದೆಗಳ ಕಡೆಗೆ ತಿರುಗಿ, ಮಕ್ಕಳಿಗೆ ಕೋಪವೆಬ್ಬಿಸಬಾರದೆಂದು ಆಜ್ಞಾಪಿಸುತ್ತದೆ (ಎಫೆ. 6:1–4), ಕೊಲೊಸ್ಸೆಯವರಿಗೆ ಬರೆದುದರಲ್ಲಿ ಮಕ್ಕಳು ಮನಗುಂದಬಾರದೆಂಬ ಕಾರಣವೂ ಸೇರಿದೆ (ಕೊಲೊ. 3:21). ಮೊದಲ ಅರ್ಧವನ್ನು ಮಗುವಿಗೆ ಹೇಳಿ ಎರಡನೆಯ ಅರ್ಧವನ್ನು ತಂದೆಗೆ ಹೇಳದಿರುವ ಸಭಾಪಾಲಕನು ವಾಕ್ಯವನ್ನು ಸಾರಿದಂತಾಗುವುದಿಲ್ಲ. ಕ್ಷಮೆಯ ಕುರಿತಾದ ಕರ್ತನ ಮಾತೂ ಹಾಗೆಯೇ: ತಪ್ಪುಮಾಡಿದ ಸಹೋದರನನ್ನು ಗದರಿಸಬೇಕೆಂಬುದು ಅಲ್ಲಿ ಮೊದಲು ಬರುತ್ತದೆ (ಲೂಕ 17:3). ಗದರಿಸುವ ಕೆಲಸ ದೊಡ್ಡವರಾದ ನಮ್ಮದು. ಅದನ್ನು ಬಿಟ್ಟು ಕ್ಷಮಿಸುವ ಕೆಲಸವನ್ನು ಹತ್ತು ವರ್ಷದ ಮಗುವಿನ ಹೆಗಲಿಗೆ ಹೊರಿಸುವುದು ಅನ್ಯಾಯ.

ಕಿವಿಗೊಡುವುದು ಮೊದಲ ಹೆಜ್ಜೆ ಮಾತ್ರ. ಹಾಡಿನ ಕೇಳುಗನಿಗೆ ಅಷ್ಟು ಸಾಕಾಗಬಹುದು. ಹಾಡಿನ ಮಗು ಈಗ ದೊಡ್ಡವನಾಗಿ ಪಾರಾಗಿದ್ದಾನೆ. ನಮ್ಮ ಮುಂದೆ ನಿಲ್ಲುವ ಮಗು ಇನ್ನೂ ಆ ಮನೆಯಲ್ಲೇ ಇದೆ. ತನ್ನ ವಶದಲ್ಲಿರುವ ಮಗುವನ್ನು ಹಿಂಸಿಸುವುದು 2015ರ ಬಾಲನ್ಯಾಯ ಕಾಯ್ದೆಯ 75ನೆಯ ಕಲಮಿನಂತೆ ಶಿಕ್ಷಾರ್ಹ ಅಪರಾಧ. ಮಕ್ಕಳ ಸಹಾಯವಾಣಿಯ ಸಂಖ್ಯೆ 1098; ಅದಕ್ಕೆ ಮಗುವೇ ಕರೆಮಾಡಬಹುದು, ನಾವೂ ಮಾಡಬಹುದು. ಸಂಡೇಸ್ಕೂಲಿನ ಗೋಡೆಯ ಮೇಲೆ ಕಂಠಪಾಠ ವಾಕ್ಯದ ಪಕ್ಕದಲ್ಲಿ ಆ ನಾಲ್ಕು ಅಂಕಿಗಳನ್ನು ಬರೆಯುವುದರಿಂದ ವಾಕ್ಯಕ್ಕೆ ಕುಂದುಂಟಾಗದು. ಸಭೆಯ ಮಾನ ಹೋದೀತೆಂಬ ಮಾತು ಬಂದಾಗ, ಥಿಯೊಬಾಲ್ಡನ ಮನೆಯ ಮಾನವೂ ಹೊರಗಿನವರ ಕಣ್ಣಿಗೆ ಚೆನ್ನಾಗಿಯೇ ಇತ್ತೆಂದು ನೆನೆಯೋಣ.

ದೈವಜ್ಞಾನದ ವಿದ್ಯಾರ್ಥಿಗಳಿಗೆ ನಮ್ಮ ಸಲಹೆ ಇಷ್ಟೇ. ಈ ಹದಿಮೂರು ಹಾಡುಗಳನ್ನು ಒಮ್ಮೆ ಕ್ರಮವಾಗಿ, ನಡುವೆ ನಿಲ್ಲಿಸದೆ ಕೇಳಿರಿ. ಇಂಗ್ಲಿಷ್ ಹಾಡಿನ ಉಚ್ಚಾರ ಹಿಡಿಯುವುದು ಕಷ್ಟವೆನಿಸಿದರೆ ಸಾಹಿತ್ಯವನ್ನು ಎದುರಿಗಿಟ್ಟುಕೊಳ್ಳಿರಿ. ಎಲ್ಲಿ ನಿಮಗೆ ಬುದ್ಧಿ ಹೇಳಬೇಕೆನಿಸುತ್ತದೆಯೋ ಆ ಸ್ಥಳವನ್ನು ಗುರುತುಮಾಡಿಕೊಳ್ಳಿರಿ. ಬಳಿಕ ಕೀರ್ತನೆ 55ನ್ನು, 58ನ್ನು, 88ನ್ನು ಗಟ್ಟಿಯಾಗಿ ಓದಿರಿ. ಅಲ್ಲಿಯೂ ಬುದ್ಧಿ ಹೇಳಬೇಕೆನಿಸಿದರೆ ಅದನ್ನೂ ಗುರುತುಮಾಡಿರಿ. ನಾಳೆ ಆರಾಧನೆಯ ಬಳಿಕ ಒಂದು ಮಗು ಹಿಂದೆ ಉಳಿದಾಗ ನೀವು ಬಾಯಿ ತೆರೆಯಲಿರುವ ಸ್ಥಳಗಳು ಅವೇ. ಅಲ್ಲಿ ಬಾಯಿ ಮುಚ್ಚಿಕೊಂಡು ಕೇಳಲು ಈಗಲೇ ಕಲಿಯಿರಿ. ಕೇಳಿದ ಮೇಲೆ ಏಳಿರಿ.

ನಾವು ಹೇಳಿದ ಆ ಹುಡುಗ ಈಗ ಎಲ್ಲಿರುವನೋ ನಮಗೆ ತಿಳಿಯದು. ಅವನ ಕುಟುಂಬ ಊರು ಬಿಟ್ಟಿತು. ಡಾಂಬರಿನ ಬಿರುಕಿನಲ್ಲಿ ಅವನಿಗಾಗಿಯೂ ಹಸುರೇನಾದರೂ ಹುಟ್ಟಿರಲೆಂದು ನಾವು ಬೇಡಿಕೊಳ್ಳುತ್ತೇವೆ. ಹುಟ್ಟಿದ್ದರೆ ಅದು ದೇವರ ಕೃಪೆ. ಅದರಲ್ಲಿ ನಮ್ಮ ಪಾಲೇನೂ ಇಲ್ಲ.